ರೂಪಾಂತರ: ಹೆಸರು ಬದಲಾದರೆ ಸಾಕೆ?

ಶ್ರೀರಂಗಪಟ್ಟಣದಲ್ಲಿ ಬೆಳಗಿನ ಬಸ್ಸು ಹತ್ತಿ, ಪಾಂಡವಪುರ, ಕೃಷ್ಣರಾಜಪೇಟೆಗಳನ್ನು ಹಾದು ನಾಗಮಂಗಲದಲ್ಲಿ ಇಳಿದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಕಂಡಂತಾಗುತ್ತದೆ. ಕಾಲುವೆ, ಕಬ್ಬು, ಭತ್ತಗಳ ಬಯಲಿನಿಂದ ಹೊರಟು ರಾಗಿಯ ಹೊಲಗಳ ಸೀಮೆಗೆ ಬಂದು ಸೇರುವ ದಾರಿ ಇದು. ಕನ್ನಡ ನಾಟಕದ ಒಂದು ಮುಖ್ಯ ಅಧ್ಯಾಯ ಇದೇ ದಾರಿಯ ಆಚೀಚೆ ಹರಡಿಕೊಂಡಿದೆ ಎಂಬುದು ಬಸ್ಸಿನಲ್ಲಿ ಕುಳಿತವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಈ ದಾರಿಯಲ್ಲಿಯೇ ಓಡಾಡಿಕೊಂಡು ಕನ್ನಡ ಪಾಠ ಹೇಳುವ ನನಗೂ ಬಹುಕಾಲ ಹೊಳೆದಿರಲಿಲ್ಲ.

ಬಿ. ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರ ತಂದೆ ವಕೀಲರಾಗಿದ್ದದ್ದು ಶ್ರೀರಂಗಪಟ್ಟಣದಲ್ಲಿ. ಹುಡುಗ ಶ್ರೀಕಂಠಯ್ಯ ಅಕ್ಷರ ಕಲಿತದ್ದೂ ಅಲ್ಲಿಯೇ. ಗ್ರೀಕರ ಸಾಫೊಕ್ಲಿಸ್ ಬರೆದ ‘ಏಜಾಕ್ಸ್’ ನಾಟಕವನ್ನು ಅವರು 1929ರಲ್ಲಿ ‘ಅಶ್ವತ್ಥಾಮನ್’ ಎಂದು ಕನ್ನಡಕ್ಕೆ ತಂದರು. ಎರಡು ವರ್ಷ ಕಳೆದು 1931ರಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ಫ್ರೆಂಚ್ ನಾಟಕಕಾರ ಮೋಲಿಯೇರನ ‘ತಾರ್ತೂಫ್’ ನಾಟಕವನ್ನು ‘ಆಷಾಢಭೂತಿ’ಯಾಗಿ ಮಾಡಿದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರಾದ ಪು. ತಿ. ನರಸಿಂಹಾಚಾರ್ಯರು ಹೊರಗಿನಿಂದ ಏನನ್ನೂ ತರದೆ, ನಮ್ಮ ಪುರಾಣದ ಅಹಲ್ಯೆಯನ್ನೇ ಗೀತನಾಟಕದಲ್ಲಿ ಹೊಸಬಳಾಗಿ ನಿಲ್ಲಿಸಿದರು. ಒಂದು ದಿನದ ಬಸ್ ಪ್ರಯಾಣದ ಅಂತರದಲ್ಲಿ ಮೂವರು, ಮೂರು ಮಾರ್ಗ. ಪ್ರಶ್ನೆ ಮಾತ್ರ ಒಂದೇ: ಬೇರೊಂದು ಕಾಲಕ್ಕೆ, ಬೇರೊಂದು ಜನಕ್ಕೆ ಹುಟ್ಟಿದ ಕಥೆ ನಮ್ಮ ಇಂದಿನ ಸಂಕಟವನ್ನು ಆಡಬಲ್ಲದೆ? ಆಡಬೇಕಾದರೆ ಅದಕ್ಕೆ ಏನು ಮಾಡಬೇಕು?

ಸಾಮಾನ್ಯವಾಗಿ ನಾವು ಕೊಡುವ ಉತ್ತರ ಸುಲಭದ್ದು. ಹೆಸರುಗಳನ್ನು ಬದಲಾಯಿಸಬೇಕು, ಉಡುಗೆ ತೊಡುಗೆ ಬದಲಾಯಿಸಬೇಕು, ಅಥೆನ್ಸಿನ ಜಾಗದಲ್ಲಿ ಹಸ್ತಿನಾವತಿ ಬಂದರೆ ರೂಪಾಂತರವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ವಿದ್ವಾಂಸರು ಷೇಕ್ಸ್‌ಪಿಯರನನ್ನು ಬರಮಾಡಿಕೊಂಡದ್ದು ಹೀಗೆಯೇ. ಬಸವಪ್ಪಶಾಸ್ತ್ರಿಗಳ ಕೈಯಲ್ಲಿ ‘ಒಥೆಲೋ’ ‘ಶೂರಸೇನ ಚರಿತ್ರೆ’ಯಾಯಿತು; ಎಂ. ಎಲ್. ಶ್ರೀಕಂಠೇಶಗೌಡರ ಕೈಯಲ್ಲಿ ‘ಮ್ಯಾಕ್‌ಬೆತ್’ ‘ಪ್ರತಾಪರುದ್ರದೇವ’ನಾಯಿತು. ಬಂದ ಅತಿಥಿಗೆ ಪಂಚೆ, ಪೇಟ ಕೊಟ್ಟು ಕೂರಿಸಿದ ಆ ಹಿರಿಯರ ಔದಾರ್ಯವನ್ನು ಲಘುವಾಗಿ ಕಾಣಬಾರದು. ಆದರೆ ಅತಿಥಿ ಮನೆಯವನಾಗುವುದು ಪಂಚೆ ಉಟ್ಟ ಮಾತ್ರಕ್ಕಲ್ಲ. ಮನೆಯ ಸುಖದುಃಖದಲ್ಲಿ ಅವನಿಗೆ ಪಾಲು ಸಿಕ್ಕಾಗ.

ಪ್ರತಿಯೊಂದು ದೊಡ್ಡ ನಾಟಕದಲ್ಲಿಯೂ ಒಂದು ಗಂಟು ಇರುತ್ತದೆ. ಅದನ್ನು ಬಿಚ್ಚಿದರೆ ಇಡೀ ನಾಟಕ ಸಡಿಲವಾಗುತ್ತದೆ. ಒಥೆಲೋವಿನ ಗಂಟು ಬರಿಯ ಸಂಶಯವಲ್ಲ. ಅವನು ಕಪ್ಪು ಬಣ್ಣದವನು. ವೆನಿಸ್ಸಿಗೆ ಅವನ ಕತ್ತಿ ಬೇಕು, ಅವನು ಅಳಿಯನಾಗುವುದು ಬೇಡ. ಆ ಅವಮಾನ ಒಳಗೆ ಹುದುಗಿರುವುದರಿಂದಲೇ ಇಯಾಗೋವಿನ ಒಂದು ಸಣ್ಣ ಕಿಡಿ ಅಷ್ಟು ದೊಡ್ಡ ಬೆಂಕಿಯಾಗುತ್ತದೆ. ಅಂಥವನನ್ನು ಕುಲೀನ ಕ್ಷತ್ರಿಯ ರಾಜಕುಮಾರನನ್ನಾಗಿ ಮಾಡಿದರೆ ಸಂಶಯದ ಕಥೆ ಉಳಿಯುತ್ತದೆ, ಗಂಟು ಬಿಚ್ಚಿಹೋಗುತ್ತದೆ. ಆದ್ದರಿಂದ ರೂಪಾಂತರಕಾರನನ್ನು ನಾವು ಮೊದಲು ಕೇಳಬೇಕಾದದ್ದು ‘ಹೆಸರು ಏನಿಟ್ಟಿರಿ?’ ಎಂದಲ್ಲ, ‘ಆ ಗಂಟು ನಮ್ಮಲ್ಲಿ ಎಲ್ಲಿದೆ, ಅದನ್ನು ಹುಡುಕಿದಿರಾ?’ ಎಂದು.

ಈ ಪರೀಕ್ಷೆಯಲ್ಲಿ ಮೂರ್ತಿರಾಯರ ಆಯ್ಕೆ ಸೊಗಸಾಗಿ ಗೆಲ್ಲುತ್ತದೆ. ‘ತಾರ್ತೂಫ್’ 1664ರಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಮೊದಲು ಪ್ರಯೋಗವಾದಾಗ ಧರ್ಮದ ಮುಖಂಡರು ಸಿಟ್ಟಾದರು; ನಾಟಕಕ್ಕೆ ನಿಷೇಧ ಬಂತು; ಅದು ಜನರ ಮುಂದೆ ಬಿಡುಗಡೆಯಾಗಿ ನಿಲ್ಲಲು 1669ರವರೆಗೆ ಕಾಯಬೇಕಾಯಿತು. ಭಕ್ತಿಯ ವೇಷ ತೊಟ್ಟ ಕಪಟಿಯೊಬ್ಬ ಗೃಹಸ್ಥನ ಮನೆ ಹೊಕ್ಕು, ಅವನ ಆಸ್ತಿಗೆ, ಮಗಳಿಗೆ, ಕೊನೆಗೆ ಹೆಂಡತಿಗೂ ಕೈ ಚಾಚುವ ಕಥೆ ಅದು. ಮೂರ್ತಿರಾಯರು ಅದಕ್ಕೆ ಇಟ್ಟ ಹೆಸರೇ ಅರ್ಧ ರೂಪಾಂತರ. ಆಷಾಢಭೂತಿ ಪಂಚತಂತ್ರದ ಕಳ್ಳ. ಸಂನ್ಯಾಸಿಯೊಬ್ಬನಿಗೆ ಶಿಷ್ಯನಾಗಿ ಸೇರಿಕೊಂಡು, ನಂಬಿಕೆ ಗಳಿಸಿ, ಅವನ ಗಂಟನ್ನೇ ಹೊತ್ತು ಓಡಿದವನು. ನಮ್ಮ ಕಥೆಯಲ್ಲಿ ಕಪಟಿ ಶಿಷ್ಯನಾದರೆ ಮೋಲಿಯೇರನಲ್ಲಿ ಕಪಟಿಯೇ ಗುರು. ಸ್ಥಾನ ತಿರುವುಮುರುವಾದರೂ ಜಾತಿ ಒಂದೇ. ಶತಮಾನಗಳಿಂದ ಆ ಪದ ನಮ್ಮ ಬೈಗುಳಗಳ ಸಾಲಿನಲ್ಲಿ ಕುಳಿತಿತ್ತು. ಫ್ರಾನ್ಸಿನ ರೋಗಕ್ಕೆ ಕನ್ನಡದಲ್ಲಿ ಮೊದಲೇ ಹೆಸರಿತ್ತು ಎಂದರೆ ರೋಗ ಹೊಸದಲ್ಲ ಎಂದೇ ಅರ್ಥ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೋಲಿಯೇರನ ನಾಟಕದ ಗಂಟು ಕಪಟಿಯಲ್ಲಿಲ್ಲ, ಮನೆಯ ಯಜಮಾನನಲ್ಲಿದೆ. ಮಗಳ ಮದುವೆಯನ್ನು ತಾನೊಬ್ಬನೇ ನಿಶ್ಚಯಿಸಬಲ್ಲ, ಆಸ್ತಿಯನ್ನು ತನಗೆ ತೋಚಿದವನಿಗೆ ಬರೆದುಕೊಡಬಲ್ಲ ಎಂಬ ಅವನ ಅಧಿಕಾರವೇ ಕಪಟಿಗೆ ತೆರೆದ ಬಾಗಿಲು. 1931ರ ಮೈಸೂರು ಸೀಮೆಯ ಮನೆಗಳಲ್ಲಿ ಆ ಯಜಮಾನ ಗಟ್ಟಿಯಾಗಿ ಕುಳಿತಿದ್ದ. 1956ರ ಹಿಂದೂ ಉತ್ತರಾಧಿಕಾರ ಕಾನೂನು, 2005ರಲ್ಲಿ ಅದಕ್ಕೆ ಬಂದ ತಿದ್ದುಪಡಿಗಳ ಮೇಲೆ, ಕಾಗದದಲ್ಲಾದರೂ ಅವನ ಕುರ್ಚಿ ಅಲುಗಿದೆ. ಕಪಟಿ ಮಾತ್ರ ಬೆಳೆದಿದ್ದಾನೆ. ಆಗ ಅವನು ಒಂದು ಮನೆಯ ಪಡಸಾಲೆಯಲ್ಲಿ ಮಣೆ ಹಾಕಿಸಿಕೊಳ್ಳುತ್ತಿದ್ದ; ಈಗ ಟೆಲಿವಿಷನ್ನಿನ ಮೂಲಕ ಏಕಕಾಲಕ್ಕೆ ಸಾವಿರ ಪಡಸಾಲೆಗಳಲ್ಲಿ ಕೂರುತ್ತಾನೆ. ಇಂದು ಈ ನಾಟಕವನ್ನು ಆಡುವವರಿಗೆ ಇನ್ನೂ ಕಷ್ಟದ್ದು ಅದರ ಕೊನೆ. ಮೋಲಿಯೇರ್ ತನ್ನ ಗೃಹಸ್ಥನನ್ನು ದೊರೆಯ ಅಧಿಕಾರಿಯಿಂದ ಕಾಪಾಡಿಸಿದ. ಎಲ್ಲವನ್ನೂ ಕಾಣುವ ದೊರೆ ಕಪಟಿಯನ್ನು ಸೆರೆಗೆ ಕಳಿಸುತ್ತಾನೆ. ನಮ್ಮಲ್ಲಿ ಹಾಗೆ ಬಾಗಿಲು ತಟ್ಟುವವರು ಯಾರು? ಅರವತ್ತು ವರ್ಷಗಳ ತರುವಾಯ, ತೊಂಬತ್ತರ ಗಡಿ ದಾಟಿ ‘ದೇವರು’ ಎಂಬ ನಿರ್ಭೀತ ಪುಸ್ತಕವನ್ನು ಬರೆದ ಮೂರ್ತಿರಾಯರು ಈ ಪ್ರಶ್ನೆಗೆ ಖಂಡಿತ ನಗುತ್ತಿದ್ದರು.

ಪು. ತಿ. ನ. ಅವರ ‘ಅಹಲ್ಯೆ’ಯ ವಿಚಾರ ಬೇರೆಯದಾದ್ದರಿಂದ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊರಗಿನ ಕಥೆಗೆ ಒಳಗಿನ ಗಂಟನ್ನು ಹುಡುಕುವುದು ರೂಪಾಂತರಕಾರನ ಕೆಲಸವಾದರೆ, ಮನೆಯ ಕಥೆಯಲ್ಲಿಯೇ ಯಾರೂ ಮುಟ್ಟದ ಗಂಟನ್ನು ಹುಡುಕಿದವರು ಅವರು. ಶಾಪ, ವಿಮೋಚನೆಗಳ ನಡುವೆ ಮುಚ್ಚಿಹೋಗಿದ್ದ ಹೆಣ್ಣಿನ ಮನಸ್ಸಿನ ತುಯ್ದಾಟಕ್ಕೆ ಅವರು ಹಾಡು ಕೊಟ್ಟರು. ಹಳೆಯದನ್ನು ಮುಟ್ಟಬಾರದು ಎನ್ನುವವರು ಆಗಲೂ ಇದ್ದರು. ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ಶಂಬೂಕನ ಕಥೆಯನ್ನು ತಿರುಗಿಸಿದಾಗ ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದ್ದನ್ನು ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಬಲ್ಲರು.

ಇನ್ನು ‘ಅಶ್ವತ್ಥಾಮನ್’. ಏಜಾಕ್ಸ್ ಟ್ರಾಯ್ ಯುದ್ಧದ ಮಹಾವೀರ. ಅಖಿಲೀಸನ ಆಯುಧಗಳು ತನಗೆ ಬರಬೇಕಾಗಿದ್ದವು, ಒಡಿಸ್ಯೂಸನ ಪಾಲಾದವು ಎಂಬ ಅವಮಾನದಿಂದ ಕುದ್ದು ತನ್ನ ಸೇನಾನಾಯಕರನ್ನೇ ಕೊಲ್ಲಹೊರಡುತ್ತಾನೆ. ದೇವತೆ ಅವನ ಕಣ್ಣಿಗೆ ಮಬ್ಬು ಕವಿಸುತ್ತಾಳೆ. ಆ ಮಬ್ಬಿನಲ್ಲಿ ಅವನು ಕಡಿದದ್ದು ಮನುಷ್ಯರನ್ನಲ್ಲ, ದನ ಕುರಿಗಳನ್ನು. ಎಚ್ಚರವಾದ ಮೇಲೆ ನಾಚಿಕೆ ತಾಳದೆ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಈ ಕಥೆಗೆ ಒಡಹುಟ್ಟನ್ನು ಹುಡುಕಿ ಶ್ರೀಯವರು ಮಹಾಭಾರತಕ್ಕೆ ಬಂದದ್ದು, ಅಲ್ಲಿಯೂ ಅಶ್ವತ್ಥಾಮನ ಮುಂದೆಯೇ ನಿಂತದ್ದು, ಅಸಾಧಾರಣವಾದ ಸೂಕ್ಷ್ಮದೃಷ್ಟಿ. ನಿದ್ದೆಯಲ್ಲಿದ್ದ ಮಕ್ಕಳನ್ನು ಪಾಂಡವರೆಂದು ಬಗೆದು ತಲೆ ತರಿದವನೆಂದು ನಮ್ಮ ಕಾವ್ಯಪರಂಪರೆ ಅವನನ್ನು ನೆನೆಯುತ್ತದೆ. ಅವನದೂ ಮಬ್ಬು, ಅವನದೂ ನಾಚಿಕೆ. ಮೇಲಾಗಿ ನಮ್ಮ ಸೀಮೆಗೆ ಮಹಾಭಾರತ ಪುಸ್ತಕದ ಸಂಗತಿಯಲ್ಲ. ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ಇದ್ದರೆಂದು ನಂಬುವ ಜನ ನಾವು. ಭತ್ತದ ಕೊಯ್ಲು ಮುಗಿದ ಮೇಲೆ ಹಳ್ಳಿಹಳ್ಳಿಯಲ್ಲಿ ರೈತರು ಕೈಯಿಂದ ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಹಿಡಿದು ಬೆಳತನಕ ‘ಕುರುಕ್ಷೇತ್ರ’ ಆಡುತ್ತಾರೆ.

ಹಾಗೆ ಕುರುಕ್ಷೇತ್ರ ಕಲಿಸುವ ಹಾರ್ಮೋನಿಯಂ ಮೇಷ್ಟ್ರೊಬ್ಬರಿಗೆ ಒಮ್ಮೆ ನಾನು ಶ್ರೀಯವರ ನಾಟಕದ ಕಥೆ ಹೇಳಿದೆ. ಅವರು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಕೈ ತಡೆದರು. “ಅಶ್ವತ್ಥಾಮ ಸಾಯ್ತಾನಾ ಮೇಷ್ಟ್ರೇ? ಚಿರಂಜೀವಿ ಅಲ್ವಾ ಅವನು? ಊರೊಳಗೆ ಹಂಗೆ ಆಡಿದ್ರೆ ಪರದೆ ಕಿತ್ತಾಕ್ತಾರೆ” ಎಂದರು. ಪಂಡಿತರು ಎತ್ತುವ ಆಕ್ಷೇಪವೂ ಇದೇ, ಮತ್ತು ಇದು ತಳ್ಳಿಹಾಕುವಂಥದಲ್ಲ. ಸಾವು ಬಾರದೆ, ಗಾಯ ಮಾಯದೆ, ಸಾವಿರಾರು ವರ್ಷ ಒಬ್ಬನೇ ಅಲೆಯಬೇಕೆಂಬ ಕೃಷ್ಣನ ಶಾಪಕ್ಕಿಂತ ಘೋರವಾದ ರುದ್ರಕಲ್ಪನೆ ಗ್ರೀಕರಲ್ಲಿಯೂ ವಿರಳ. ಸಾಫೊಕ್ಲಿಸನ ಜಾಡನ್ನು ಹಿಡಿದ ಶ್ರೀಯವರು ಅದನ್ನು ಕೈಬಿಟ್ಟರು. ಇದು ನಷ್ಟವೆಂದೇ ನಾನು ಬಹುಕಾಲ ಪಾಠ ಹೇಳಿದೆ.

ಆದರೆ ಆ ನಷ್ಟಕ್ಕೆ ಸಿಕ್ಕ ಲಾಭವನ್ನು ನಾನು ಎಣಿಸಿರಲಿಲ್ಲ. ಸಾಫೊಕ್ಲಿಸನ ನಾಟಕ ನಾಯಕನ ಸಾವಿಗೆ ಮುಗಿಯುವುದಿಲ್ಲ. ಸುಮಾರು ಅರ್ಧ ನಾಟಕ ಹೆಣದ ಮುಂದೆ ನಡೆಯುತ್ತದೆ. ಇವನು ದ್ರೋಹಿ, ಇವನಿಗೆ ಸಂಸ್ಕಾರ ಕೂಡದು, ನಾಯಿನರಿಗಳು ತಿನ್ನಲಿ ಎನ್ನುತ್ತಾರೆ ದೊರೆಗಳು. ಏಜಾಕ್ಸನ ಮಲತಮ್ಮ, ಸೆರೆಯಾಳು ಹೆಣ್ಣಿನಲ್ಲಿ ಹುಟ್ಟಿದವನೆಂದು ಹೀಯಾಳಿಸಿಕೊಳ್ಳುವವನು, ಹೆಣಕ್ಕೆ ಕಾವಲಾಗಿ ನಿಂತು ಅವರೊಡನೆ ಜಗಳವಾಡುತ್ತಾನೆ. ಆ ತಮ್ಮನ ಜಾಗದಲ್ಲಿ ಶ್ರೀಯವರು ತಂದು ನಿಲ್ಲಿಸಿದ್ದು ಏಕಲವ್ಯನನ್ನು. ಓದುಗರು ಒಂದು ಗಳಿಗೆ ಇದನ್ನು ಯೋಚಿಸಬೇಕು. ದ್ರೋಣನ ಮಗನ ಹೆಣ. ಅದರ ಮುಂದೆ, ಅದೇ ದ್ರೋಣನಿಗೆ ಹೆಬ್ಬೆರಳು ಕೊಟ್ಟ ಬೇಡ. ಅವನು ಕೇಳುತ್ತಿರುವುದು ಸತ್ತವನಿಗೆ ಸಲ್ಲಬೇಕಾದ ಸಂಸ್ಕಾರವನ್ನು. ನಾಯಕ ಚಿರಂಜೀವಿಯಾಗಿ ಉಳಿದಿದ್ದರೆ ಹೆಣವಿಲ್ಲ. ಹೆಣವಿಲ್ಲದಿದ್ದರೆ ಏಕಲವ್ಯನೂ ಇಲ್ಲ. ಶ್ರೀಯವರ ಉದ್ದೇಶ ಸಾಮಾಜಿಕ ಸಮಸ್ಯೆಯಾಗಿರಲಿಲ್ಲ. ಕನ್ನಡದಲ್ಲಿ ರುದ್ರನಾಟಕ ಎಂಬ ಪ್ರಕಾರವನ್ನು ಸ್ಥಾಪಿಸುವುದು ಅವರ ಹಂಬಲ. ಆದರೂ ಗಂಟನ್ನು ಹುಡುಕುತ್ತಾ ಹೋದ ಕೈ ನಮ್ಮ ಸಮಾಜದ ಹಳೆಯ ಗಾಯವೊಂದನ್ನು ಮುಟ್ಟಿಬಿಟ್ಟಿದೆ.

ಇದನ್ನು ನನಗೆ ತೋರಿಸಿಕೊಟ್ಟವನು ಒಬ್ಬ ವಿದ್ಯಾರ್ಥಿ. ರುದ್ರನಾಟಕದ ಲಕ್ಷಣಗಳು, ನಾಯಕನ ದೋಷ, ಮೇಳದ ಸ್ಥಾನ ಎಂದು ಪರೀಕ್ಷೆಗೆ ಬೇಕಾದ ಟಿಪ್ಪಣಿಯನ್ನು ಬರೆಸಿ, ಉತ್ತರಾರ್ಧವನ್ನು ‘ಕಥೆ ಇಷ್ಟೇ’ ಎಂದು ಎರಡು ಮಾತಿನಲ್ಲಿ ಮುಗಿಸುವುದು ನನ್ನ ವಾಡಿಕೆ. ಒಂದು ವರ್ಷ ಪಾಠ ಮುಗಿದ ಮೇಲೆ ಹುಡುಗನೊಬ್ಬ ಕೊಠಡಿಯಲ್ಲಿಯೇ ಉಳಿದ. ಸುಮ್ಮನೆ ಕೂರುವ ಹುಡುಗ. ಊರ ಹೊರಗಿನ ಕೇರಿಯಿಂದ ಬರುವವನು. “ಏನಪ್ಪ?” ಎಂದೆ.

“ಸಾ, ನಮ್ಮ ತಾತ ಸತ್ತಾಗ ಹೆಣ ಸಾಯಂಕಾಲದ ಗಂಟ ಬೀದೀಲೇ ಇತ್ತು. ಹೊತ್ಕೊಂಡು ಹೋಗಾಕೆ ದಾರಿ ಬುಡ್ನಿಲ್ಲ.”

“ಯಾರು ಬಿಡಲಿಲ್ಲ?”

“ಹೊಲದೋರು.”

ಅದಕ್ಕಿಂತ ಹೆಚ್ಚು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಗ್ರೀಕ್ ಗಂಟು ನನ್ನ ಕೊಠಡಿಯ ಬೆಂಚಿನ ಮೇಲೆ ಕುಳಿತಿತ್ತು. ವರ್ಷ ವರ್ಷವೂ ಅದರ ಮುಂದೆ ನಿಂತು ನಾನು ಹತ್ತು ಅಂಕದ ಉತ್ತರ ಬರೆಸಿದ್ದೆ.

ಹೊರಗಿನ ಲೋಕದಲ್ಲಿ ಈ ನಾಟಕಗಳಿಗೆ ಏನಾಗಿದೆ ಎಂಬುದನ್ನೂ ಇಲ್ಲಿ ನೆನೆಯಬಹುದು. ಅಮೆರಿಕದಲ್ಲಿ ಬ್ರಯನ್ ಡೋರಿಸ್ ಎಂಬವರು 2008ರಿಂದ ಇದೇ ‘ಏಜಾಕ್ಸ್’ ನಾಟಕವನ್ನು, ಇರಾಕ್, ಆಫ್ಘಾನಿಸ್ತಾನಗಳ ಯುದ್ಧದಿಂದ ಮರಳಿದ ಸೈನಿಕರ ಮುಂದೆ, ಅವರ ಹೆಂಡಿರು ಮಕ್ಕಳ ಮುಂದೆ ಓದಿಸುತ್ತ ಬಂದರು. ಓದು ಮುಗಿದ ಮೇಲೆ ಸಭಿಕರೇ ಎದ್ದು ಮಾತಾಡುತ್ತಾರೆ. ಅಲ್ಲಿ ಹೆಸರು ಬದಲಾಗಿಲ್ಲ, ಉಡುಗೆಯ ಪ್ರಶ್ನೆಯೇ ಇಲ್ಲ. ಯುದ್ಧದಿಂದ ಮನೆಗೆ ಬಂದವನು ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುವ ದುಃಖ ಕೇಳುವವರ ಮನೆಯಲ್ಲಿಯೇ ಇದೆ. ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದ ಸೆರೆಮನೆಯಲ್ಲಿ ಕೈದಿಗಳು ಸಾಫೊಕ್ಲಿಸನ ‘ಆಂಟಿಗನಿ’ಯನ್ನು ಆಡಿದರು, ಹೆಣಕ್ಕೆ ಮಣ್ಣು ಕೊಡಬಾರದೆಂದು ಆಜ್ಞೆ ಮಾಡುವ ಅರಸನ ಪಾತ್ರವನ್ನು ವಹಿಸಿದವರು ನೆಲ್ಸನ್ ಮಂಡೇಲ. ಹೆಸರನ್ನು ಬದಲಾಯಿಸುವುದು ಬಿಡುವುದು ಮುಖ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗಂಟು ಸಿಕ್ಕಿದರೆ ಪರದೇಶದ ಹೆಸರೂ ನಮ್ಮದೇ. ಸಿಗದಿದ್ದರೆ ಅಶ್ವತ್ಥಾಮನೆಂಬ ಹೆಸರೂ ಪರದೇಶಿಯೇ.

ಮರುವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಆ ಹುಡುಗ ಮತ್ತು ಅವನ ನಾಲ್ಕಾರು ಗೆಳೆಯರು ನಾಟಕದ ಉತ್ತರಾರ್ಧವನ್ನು ಆಡುತ್ತೇವೆ ಎಂದರು. ಶ್ರೀಯವರ ಹಳಗನ್ನಡದ ಗಾಂಭೀರ್ಯ ಅವರ ನಾಲಗೆಗೆ ಒಗ್ಗಲಿಲ್ಲ. ಕಥೆಯ ಎಳೆ ಹಿಡಿದು ತಮ್ಮ ಮಾತಿನಲ್ಲಿ ಬರೆದುಕೊಂಡು ಬಂದರು. ಆಕ್ಷೇಪಿಸಿದ್ದ ಹಾರ್ಮೋನಿಯಂ ಮೇಷ್ಟ್ರೇ ಬಂದು ಎರಡು ಹಾಡು ಕೂಡಿಸಿದರು. ನಾನು ಹಸ್ತಪ್ರತಿಯನ್ನು ಓದಿದೆ. ಮಾತು ಚುರುಕಾಗಿತ್ತು, ಏಕಲವ್ಯ ಜೀವಂತನಾಗಿದ್ದ. ಆದರೆ ಒಂದು ಮುಖ್ಯ ಪಾತ್ರವೇ ಮಾಯವಾಗಿತ್ತು. ಸಾಫೊಕ್ಲಿಸನಲ್ಲಿ ಕೊನೆಗೆ ಹೆಣಕ್ಕೆ ಸಂಸ್ಕಾರ ಸಿಗುವುದು ಸತ್ತವನ ಪರಮವೈರಿಯಾದ ಒಡಿಸ್ಯೂಸನ ಮಾತಿನಿಂದ. ಇವನು ನನ್ನ ಶತ್ರು, ನಿಜ. ಆದರೂ ಇವನು ದೊಡ್ಡವನು. ನಾಳೆ ನನಗೂ ಇದೇ ಗತಿ ಎಂಬ ಅರಿವಿನಿಂದ ಅವನು ತನ್ನ ಕಡೆಯವರನ್ನೇ ಎದುರಿಸಿ ಒಪ್ಪಿಸುತ್ತಾನೆ. ಗ್ರೀಕ್ ನಾಟಕದ ಘನತೆ ನಿಂತಿರುವುದು ಆ ಮಾತಿನ ಮೇಲೆ. ಹುಡುಗರು ಅದನ್ನು ಕತ್ತರಿಸಿ ಎಸೆದಿದ್ದರು. ಎದುರು ಪಕ್ಷದವರೆಲ್ಲ ಒಂದೇ ಅಚ್ಚಿನ ದುಷ್ಟರಾಗಿದ್ದರು.

ಅವನನ್ನು ಕರೆದು ಮೇಷ್ಟ್ರಿಕೆಯ ಧ್ವನಿಯಲ್ಲಿಯೇ ಹೇಳಿದೆ: “ನಿಮಗೆ ಸಮಸ್ಯೆ ಸಿಕ್ಕಿದೆ, ನಾಟಕ ತಪ್ಪಿದೆ. ವೈರಿಯೊಬ್ಬ ಬಂದು ನ್ಯಾಯ ಹೇಳುವುದೇ ಇದರ ಜೀವ. ಅವನನ್ನು ಯಾಕೆ ತೆಗೆದಿರಿ?” ಅವನು ಸ್ವಲ್ಪ ಹೊತ್ತು ನೆಲ ನೋಡಿದ. “ನಮ್ಮೂರಲ್ಲಿ ಅಂಥೋರು ಯಾರೂ ಬರ್ನಿಲ್ಲ ಸಾ” ಎಂದ.

ವಿಮರ್ಶೆಯ ಯಾವ ಪುಸ್ತಕದಲ್ಲಿಯೂ ಈ ಮಾತಿಗೆ ನನಗೆ ಸಿದ್ಧ ಉತ್ತರ ಸಿಗಲಿಲ್ಲ. ಗಂಟು ನಮ್ಮಲ್ಲಿದೆಯೇ ಎಂದು ಕೇಳಬೇಕು ಎಂದು ಮೇಲೆ ಬರೆದೆನಷ್ಟೆ. ಗಂಟು ನಮ್ಮಲ್ಲಿದ್ದು ಅದನ್ನು ಬಿಚ್ಚುವ ಕೈ ಮಾತ್ರ ನಮ್ಮಲ್ಲಿ ಇಲ್ಲದಿದ್ದರೆ? ಇಲ್ಲದ ಒಳ್ಳೆಯವನನ್ನು ರಂಗದ ಮೇಲೆ ತಂದು ಜನರನ್ನು ಸಮಾಧಾನಪಡಿಸಿ ಮನೆಗೆ ಕಳಿಸುವುದು ಸುಳ್ಳು. ಅವನನ್ನು ತೆಗೆದುಹಾಕಿ ಎದುರಿನವರನ್ನೆಲ್ಲ ರಾಕ್ಷಸರನ್ನಾಗಿ ಮಾಡುವುದೂ ಪೂರ್ಣ ಸತ್ಯವಲ್ಲ. ರಾಕ್ಷಸರನ್ನು ಕಂಡ ಪ್ರೇಕ್ಷಕ ‘ಇವರು ನಾವಲ್ಲ’ ಎಂದು ನೆಮ್ಮದಿಯಿಂದ ಎದ್ದು ಹೋಗುತ್ತಾನೆ. ಮೋಲಿಯೇರನ ದೊರೆಗೂ ಸಾಫೊಕ್ಲಿಸನ ಒಡಿಸ್ಯೂಸನಿಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಈ ಚರ್ಚೆಯಲ್ಲಿ. ದೊರೆ ಹೊರಗಿನಿಂದ ಬಂದು ಬಿಡಿಸುತ್ತಾನೆ. ಅವನನ್ನು ಇಂದಿನ ರೂಪಾಂತರಕಾರ ಕೈಬಿಟ್ಟರೆ ನಾಟಕಕ್ಕೆ ಹೆಚ್ಚು ಹಾನಿಯಿಲ್ಲ. ಒಡಿಸ್ಯೂಸ್ ಒಳಗಿನವನು, ತಪ್ಪು ಮಾಡುತ್ತಿರುವವರ ಪಂಕ್ತಿಯಲ್ಲಿ ಕುಳಿತವನು. ಹಳ್ಳಿಯ ಬಯಲಿನಲ್ಲಿ ನಾಟಕ ನೋಡುವವರ ನಡುವೆ ದಾರಿ ಬಿಡದ ಹೊಲದವರೂ ಕುಳಿತಿರುತ್ತಾರೆ. ಅವರಲ್ಲಿ ಒಬ್ಬ ಎದ್ದು ನಿಲ್ಲಬೇಕಾದರೆ, ಹಾಗೆ ಎದ್ದವನೊಬ್ಬನನ್ನು ರಂಗದ ಮೇಲೆ ಅವನು ಕಾಣಬೇಡವೆ? ಆದ್ದರಿಂದ ಆ ಪಾತ್ರ ಇರಬೇಕೆಂದೇ ನಾನು ಈಗಲೂ ಹೇಳುತ್ತೇನೆ. ಆದರೆ ಆ ಮಾತನ್ನು ಹೇಳುವ ಹಕ್ಕು ತಾತನ ಹೆಣವನ್ನು ಕಾದ ಹುಡುಗನ ಎದುರಿನಲ್ಲಿ ನನಗೆ ಎಷ್ಟಿದೆ ಎಂಬ ಸಂಕೋಚವೂ ಜೊತೆಗೇ ಇದೆ.

ಹುಡುಗರು ತಮ್ಮಂತೆಯೇ ಆಡಿದರು. ಕೊನೆಯಲ್ಲಿ ಯಾರೂ ಬರಲಿಲ್ಲ. ಏಕಲವ್ಯನೂ ಸತ್ತವನ ಹೆಂಡತಿ ಭಾರ್ಗವಿಯೂ ಸೇರಿ ಹೆಣ ಎತ್ತಿದರು. ಚಪ್ಪಾಳೆ ತಡವಾಗಿ ಬಿತ್ತು. ನಾಟಕವಾಗಿ ಅದು ಅಪೂರ್ಣ ಎಂಬ ನನ್ನ ತೀರ್ಪನ್ನು ಬದಲಾಯಿಸಲಾರೆ. ಆದರೆ ಶ್ರೀಯವರ ಕೃತಿಯನ್ನು ನಾನು ಅಷ್ಟು ವರ್ಷ ಓದಿದ್ದೂ ಅಪೂರ್ಣವಾಗಿಯೇ ಎಂಬುದನ್ನು ಅದು ತೋರಿಸಿಕೊಟ್ಟಿತು.

‘ಅಶ್ವತ್ಥಾಮನ್’ ಬಂದು ಶತಮಾನ ತುಂಬುವ ಕಾಲ ಹತ್ತಿರವಾಗಿದೆ. ಅದರ ಹಳಗನ್ನಡ ವಿದ್ವಾಂಸರ ಕಿವಿಗೆ ಹಬ್ಬ. ಆದರೆ ಯಾರ ಸಂಕಟವನ್ನು ಏಕಲವ್ಯನ ಮೂಲಕ ಅದು ಮುಟ್ಟಿತೋ ಅವರಿಗೆ ಆ ಭಾಷೆಯೇ ಮುಚ್ಚಿದ ಬಾಗಿಲು. ‘ಆಷಾಢಭೂತಿ’ ಚಿಕ್ಕ ಕೃತಿಯಾದರೂ ನೋಡುವವರನ್ನು ಹೊರಗೆ ನಿಲ್ಲಿಸುವುದಿಲ್ಲ. ದೊಡ್ಡ ಕೃತಿಗೆ ಆ ಸಲಿಗೆ ಬರಬೇಕಾದರೆ ನಮ್ಮ ನಾಲ್ಕು ತಾಲ್ಲೂಕಿನವರೇ ಯಾರಾದರೂ ಅದನ್ನು ಮತ್ತೆ ಬರೆಯಬೇಕು: ಕುರುಕ್ಷೇತ್ರದ ಮಟ್ಟುಗಳಲ್ಲಿ, ಇಲ್ಲಿಯ ಆಡುಮಾತಿನಲ್ಲಿ, ಆ ವೈರಿಯ ಪಾತ್ರಕ್ಕೆ ಹೊಲದವರ ಬಾಯಲ್ಲಿ ಹುಟ್ಟಬಹುದಾದ ಮಾತನ್ನು ಹುಡುಕಿ. ಶ್ರೀಯವರ ಕೃತಿಯನ್ನು ಮುಟ್ಟಬಹುದೆ ಎಂದು ಅಳುಕುವವರಿಗೆ ಒಂದು ನೆನಪು. 1926ರಲ್ಲಿ ಅವರೇ ರನ್ನನ ‘ಗದಾಯುದ್ಧ’ವನ್ನು ಬಿಡಿಸಿ, ಆರಿಸಿ, ಬೇರೆ ಬಗೆಯಲ್ಲಿ ಜೋಡಿಸಿ ನಾಟಕ ಮಾಡಿದ್ದರು. ಹಳೆಯದನ್ನು ಮುಟ್ಟುವ ಧೈರ್ಯವನ್ನು ನಮಗೆ ಕಲಿಸಿದವರೇ ಅವರು.

ಈ ವರ್ಷ ‘ಅಶ್ವತ್ಥಾಮನ್’ ಪಾಠಕ್ಕೆ ಬಂದಾಗ ನಾನು ಉತ್ತರಾರ್ಧದಿಂದ ಆರಂಭಿಸಬೇಕೆಂದಿದ್ದೇನೆ.